ಒಂದು ಜಾಗ ಬಿಟ್ಟು

ಕಬ್ಬು ಎದೆಯುದ್ದ ಇರುವ ತನಕ ಎರಡು ಕಡ್ಡಿ,
ಆಳೆತ್ತರ ಬಂದರೆ ಒಂದು,
ಸೂಲಂಗಿ ಹೊಡೆದ ಮೇಲೆ ಏನೂ ಇಲ್ಲ.

ಗಂಗನಕೊಪ್ಪಲಿನ ಹಾಲಿನ ಡೈರಿಯಲ್ಲಿ ನಾನು
ಫ್ಯಾಟು ಬರೆದುಕೊಂಡು, ಡಿಗ್ರಿ ಬರೆದುಕೊಂಡು,
ಲೆಕ್ಕ ಕಳಿಸಲು ಬೋರಲು ಹಾಕಿದ ಕ್ಯಾನು ಹತ್ತಿ
ಸೆಟ್ಟನ್ನು ಸೂರಿನ ಕಡೆ ಎತ್ತಿ ಹಿಡಿಯುತ್ತಿದ್ದೆ.
'ಸಿಗ್ನಲ್ಲಿಗೆ ಆರತಿ ಎತ್ತುತ್ತವಳೆ' ಅಂತ
ಚನ್ನಿಂಗೇಗೌಡರು ನಗುತ್ತಿದ್ದರು,
ತಮ್ಮ ಹಾಲಿಗೆ ಇಪ್ಪತ್ತನಾಲ್ಕು ಡಿಗ್ರಿ ಬಂದ ದಿನವೂ.

ಕಟಾವಿಗೆ ಇನ್ನೂ ಮೂರು ತಿಂಗಳು.
ನಾಲೆಯಾಚೆ ಬೇರೆ ಕಂಪನಿಯ ಟವರು ಎದ್ದಿದೆ.
ಸೆಟ್ಟು ಬದಲಾಯಿಸಲು ದುಡ್ಡಿಲ್ಲ, ಮನಸ್ಸೂ ಇಲ್ಲ;
ಅದರ ಮೂಲೆಯ ಸೀಳು ನನ್ನ ಹೆಬ್ಬೆರಳಿಗೆ ಗೊತ್ತು.
ಮಂಡ್ಯದ ಬಸ್ಸು ಹತ್ತಿದೆ.

ನೂರಡಿ ರಸ್ತೆಯಲ್ಲಿ ಮುದಸ್ಸಿರನ ಮೂರಡಿ ಅಂಗಡಿ.
'ಸೆಟ್ಟು ಹಳೇದು ಕಣಕ್ಕ. ಬ್ಯಾಂಡು ಕೂಡಿಬರಬೇಕು,
ಎಲ್ಲ ಸೆಟ್ಟೂ ಎಲ್ಲ ಕಂಪನೀನೂ ಹಿಡಿಯಕಿಲ್ಲ.'
ಸ್ಟಾರು, ಹ್ಯಾಶು, ಸೊನ್ನೆ, ಆರು, ಹ್ಯಾಶು ಒತ್ತಿದ.
ಹದಿನೈದು ಅಂಕಿ ಎದ್ದು ನಿಂತವು.
'ಇದೇನಪ್ಪ, ಜಾತಕವಾ?'
'ಹೆಸರು ಅಂದ್ಕೊಳ್ಳಿ. ಯಾವ ಸಿಮ್ ಹಾಕಿದ್ರೂ
ಇದು ಬದಲಾಗಕಿಲ್ಲ.'

ನನ್ನದು ನೋಡಿದಾಗ ಗಣ ಕೂಡಿತ್ತು, ನಕ್ಷತ್ರ ಕೂಡಿತ್ತು,
ಹೆಸರು ಕೂಡಲಿಲ್ಲ.
ದ್ಯಾವೀರಮ್ಮ ಅಂದರೆ ಗದ್ದೆ ಬದುವಿನ ಕಲ್ಲು ಕರೆದಂಗಾಯ್ತದೆ
ಅಂದರು ಅತ್ತೆಯ ತಂಗಿ.
ತಟ್ಟೆಯ ಅಕ್ಕಿಯಲ್ಲಿ ಉಂಗುರ ಹಿಡಿಸಿ ಬರೆಸಿದರು: ದಿವ್ಯಶ್ರೀ.
ಆ ಅಕ್ಕಿಯನ್ನು ಅವತ್ತು ರಾತ್ರಿಯೇ ಪಾಯಸಕ್ಕೆ ಹಾಕಿದರು.
ನಾನೂ ಉಂಡೆ. ಬೆಲ್ಲ ಚೆನ್ನಾಗಿತ್ತು.

'ಮೆಸೇಜಲ್ಲಿ ಪೋರ್ಟ್ ಅಂತ ಬರೀರಿ.
ಒಂದು ಜಾಗ ಬಿಡಿ.
ಆಮೇಲೆ ನಿಮ್ಮ ನಂಬರು. ಸಾವಿರದ ಒಂಬೈನೂರಕ್ಕೆ ಕಳಿಸಿ.'
ಜಾಗ ಬಿಡದೆ ಬರೆದೆ. ತಪ್ಪು ಅಂತ ವಾಪಸ್ಸು ಬಂತು.
'ಅಕ್ಕ, ಜಾಗ.'
ಕೆಳಗಿನ ಉದ್ದನೆಯ ಗುಂಡಿ ಒತ್ತಿದೆ.
ಏನೂ ಮೂಡಲಿಲ್ಲ. ಅದೇ ಸರಿಯಂತೆ.

'ಹಳೇದು ಸತ್ತ ಮೇಲೆ ಹೊಸದು ಹಾಕ್ಕೊಳ್ಳಿ.
ರಾತ್ರಿ ಹೊತ್ತು ಸಾಯ್ತದೆ, ಹೆದರಬೇಡಿ.'

ನಾಲ್ಕನೇ ರಾತ್ರಿ ಸತ್ತಿತು.
ಬಳೆಯ ಪಿನ್ನು ಬಿಚ್ಚಿ ಸೆಟ್ಟಿನ ಪುಟ್ಟ ತೂತಿಗೆ ಚುಚ್ಚಿದೆ.
ನಾಲಿಗೆ ಚಾಚಿದ ಹಾಗೆ ತಟ್ಟೆ ಹೊರಬಂತು.
ಒಂದು ಚೂರು ತೆಗೆದು ಇನ್ನೊಂದಿಟ್ಟೆ.
ಕಡ್ಡಿ ಬರಲಿಲ್ಲ.

ಆ ಎರಡು ಮೂರು ತಾಸು ನಾನು
ಯಾವ ಕಂಪನಿಗೂ ಸೇರಿರಲಿಲ್ಲ.
ಯಾರು ಕರೆದರೂ ಇಲ್ಲ.
ಜಗುಲಿಯ ಮೇಲೆ ಕೂತು ಕಡಲೆಕಾಯಿ ಸುಲಿದು ತಿಂದೆ,
ಸಿಪ್ಪೆಯನ್ನು ಗುಡಿಸಲೂ ಇಲ್ಲ.
ಮದುವೆಯ ದಿನ ಇಂಥದ್ದೊಂದು ಸಿಕ್ಕಿರಲಿಲ್ಲ:
ತಾಳಿ ಬಿದ್ದ ಕೈಯಲ್ಲೇ ಅಕ್ಕಿಯ ತಟ್ಟೆ.
ನಡುವೆ ಒಂದು ಜಾಗ ಬಿಡಬೇಕೆಂದು
ಯಾರಿಗೂ ಹೊಳೆದಿರಲಿಲ್ಲ, ನನಗೂ.

ಬೆಳಗಿನ ಜಾವ ಮೂರು ಕಡ್ಡಿ.
ನಿಜವೋ ನೋಡೋಣ ಎಂದು ಮಲಗಿದ್ದವರ ಫೋನಿಗೆ ಹೊಡೆದೆ.
ದಿಂಬಿನ ಪಕ್ಕ ಬೆಳಕಾಯಿತು.
ಆ ಬೆಳಕಲ್ಲಿ ನಾನು ದಿವ್ಯಶ್ರೀಯೂ ಅಲ್ಲ.
'ಮನೆ' ಅಂತಿತ್ತು.

ಹದಿನೇಳು ವರ್ಷ.
ಸಿಟ್ಟು ಬರುವುದಕ್ಕೆ ಮೊದಲು ನಗು ಬಂತು.
ಅವರ ಬೆರಳನ್ನೇ ಹಿಡಿದು ಒತ್ತಿ ಲಾಕು ತೆಗೆದೆ,
ಗೊರಕೆ ಒಮ್ಮೆ ನಿಂತು ಮುಂದುವರಿಯಿತು.
ಮನೆಯನ್ನು ಅಳಿಸಿದೆ.
ದಕಾರಕ್ಕೆ ಯ ಒತ್ತು ಎಲ್ಲಿದೆಯೆಂದು
ಹುಡುಕಲು ಕೊಂಚ ಹೊತ್ತು ಹಿಡಿಯಿತು.

ಐದೂವರೆಗೆ ಹಾಲಿನ ಗಾಡಿ.
ಚನ್ನಿಂಗೇಗೌಡರದು ಇವತ್ತೂ ಇಪ್ಪತ್ತನಾಲ್ಕು.
ಕಳಿಸಿದೆ,
ನೆಲದ ಮೇಲೆ ನಿಂತೇ.